ಓಣಿಯ ದೀಪಕ್ಕೆ ಪಕ್ಕದ ಮನೆಯ ತಂತಿ

ಭದ್ರಾವತಿಯ ಹಳೇನಗರ. ಕತ್ತಲಾಗುವ ಹೊತ್ತು. ಹೂವಿನ ವ್ಯಾಪಾರಿ ದುರ್ಗಮ್ಮ ಜಗಲಿಯಲ್ಲಿ ನಿಂತು, ಎರಡೂ ಕೈ ಚಾಚಿ ಕಾಕಡದ ಮಾಲೆಯನ್ನು ಮಾರು ಹಾಕುತ್ತಿದ್ದರು. ಮಾಲೆ ಕಟ್ಟಿ ತಂದಿದ್ದ ರೂಹಿ ಎದುರಿಗೆ ನಿಂತು ಎಣಿಸುತ್ತಿದ್ದಳು. ಅಷ್ಟರಲ್ಲಿ ಮನೆಯ ಪಕ್ಕದ ಓಣಿಯ ದೀಪ ಆರಿತು. ಒಳಗಿನ ಟ್ಯೂಬ್‌ಲೈಟ್ ಮಾತ್ರ ಉರಿಯುತ್ತಲೇ ಇತ್ತು.

“ನಿಮ್ಮ ಸ್ಮಾರ್ಟ್ ಲೈಟ್ ಇವತ್ತೂ ಮಲಗ್ತು ನೋಡಿ ಅಮ್ಮ,” ಎಂದಳು ರೂಹಿ. “ನಾನು ಮೊಬೈಲ್ ಟಾರ್ಚಲ್ಲಿ ಹೋಗ್ತೀನಿ ಬಿಡಿ. ಉಳಿದವ್ರು ಬರಲ್ಲ ಅಂತಿದಾರೆ.”

ದುರ್ಗಮ್ಮನಿಗೆ ಅರವತ್ತರ ಹತ್ತಿರ. ಗಂಡ ರಾಮಯ್ಯ ತೀರಿಕೊಂಡ ಮೇಲೆ ಹೂವಿನ ವ್ಯಾಪಾರವೇ ಜೀವನ. ಬೆಳಿಗ್ಗೆ ಶಿವಮೊಗ್ಗದಿಂದ ಬರುವ ಬಿಡಿಹೂವನ್ನು ಕೇರಿಯ ಹೆಂಗಸರಿಗೆ ಹಂಚುತ್ತಾರೆ. ಅವರು ಮನೆಗೆಲಸ ಮುಗಿಸಿ ಕಟ್ಟಿ, ಸಂಜೆ ಮಾಲೆ ತಂದು ಒಪ್ಪಿಸುತ್ತಾರೆ. ಬರುವ ದಾರಿ ಆ ಓಣಿಯೊಂದೇ. ಅಲ್ಲಿನ ಹಳೆಯ ಬಲ್ಬು ಕೆಟ್ಟು ವರ್ಷಗಳಾಗಿದ್ದವು. ಹೋದ ತಿಂಗಳು ಚರಂಡಿಯ ಕಲ್ಲಿನ ಮೇಲೆ ಜಾರಿ ಬಿದ್ದ ಒಬ್ಬಾಕೆಯ ಮಣಿಕಟ್ಟು ಮುರಿಯಿತು. ಗೌರಿ ಹಬ್ಬ ಹತ್ತಿರ ಬರುತ್ತಿತ್ತು. ಮುಖ್ಯರಸ್ತೆಯ ಇನ್ನೊಬ್ಬ ವ್ಯಾಪಾರಿ ಹೂ ಕಟ್ಟುವವರನ್ನು ತನ್ನ ಕಡೆ ಕರೆಯುತ್ತಿದ್ದ. ಅವರು ಹೋದರೆ ದುರ್ಗಮ್ಮನ ವ್ಯಾಪಾರವೂ ಹೋದಂತೆ.

ಶಂಕರಘಟ್ಟದ ಹಾಸ್ಟೆಲ್‌ನಲ್ಲಿದ್ದು ಎಂ.ಕಾಂ. ಓದುತ್ತಿರುವ ಮಗಳು ಇಂಪನಾ, ಶಿವಮೊಗ್ಗದ ಸವಳಂಗ ರಸ್ತೆಯ ಅಂಗಡಿಯಿಂದ ಒಂದು ದೀಪ ತಂದಳು. ಸೂರ್ಯ ಮುಳುಗಿದಾಗ ತಾನೇ ಹೊತ್ತಿಕೊಳ್ಳುವಂಥದ್ದು. ಫೋನಿನಿಂದಲೂ ಹತ್ತಿಸಬಹುದು, ಆರಿಸಬಹುದು. ಎಲೆಕ್ಟ್ರಿಷಿಯನ್ ಮೊಹ್ಸಿನ್ ಹಳೆಯ ಹೋಲ್ಡರ್ ಬಿಚ್ಚಿ, ಅದೇ ತಂತಿಗಳಿಗೆ ಅದನ್ನು ಜೋಡಿಸಿ ಹೋದ.

ದೀಪ ಆರತೊಡಗಿದಾಗ ದುರ್ಗಮ್ಮ ಫೋನು ಮಾಡಿ ಮೊದಲು ದೂರಿದ್ದು ಮಗಳನ್ನು.

“ಅಲ್ಲಿ ಕೂತ್ಕೊಂಡು ಏನೇನೋ ಒತ್ಬೇಡ ಕಣೇ.”

“ನಾನು ಊಟಕ್ಕೆ ಕೂತಿದೀನಿ ಅಮ್ಮ, ಏನೂ ಒತ್ತಿಲ್ಲ. ಲೈಟಿಗೆ ಕರೆಂಟೇ ಬರ್ತಿಲ್ಲ ಅನ್ಸುತ್ತೆ.”

“ದೀಪ ನನ್ನ ಗೋಡೇಲಿ, ಅದರ ತಲೆ ನಿನ್ನ ಹಾಸ್ಟೆಲಲ್ಲಿ. ಇನ್ನೇನಾಗುತ್ತೆ ಮಾರಾಯ್ತಿ.”

ಕಾರಣ ಸಿಕ್ಕಿದ್ದು ಪಕ್ಕದ ಮನೆಯ ಗೇಟಿನ ಸದ್ದಿನಿಂದ. ದೀಪ ಆರಿದ ಸ್ವಲ್ಪ ಹೊತ್ತಿಗೆ ಪ್ರತಿ ಸಲವೂ ಆ ಗೇಟಿನ ಚಿಲಕ ಬೀಳುತ್ತದೆ ಎಂಬುದನ್ನು ದುರ್ಗಮ್ಮ ಗಮನಿಸಿದರು. ಅಲ್ಲಿರುವವರು ಮೈದುನ ಪರಮೇಶ್ವರಪ್ಪ, ಕಾರ್ಖಾನೆಯಿಂದ ನಿವೃತ್ತರು. ಸಂಜೆ ಹೆಂಡತಿಯೊಂದಿಗೆ ಭಜನೆಗೆ ಹೊರಡುವಾಗ ಮೇನ್ ಸ್ವಿಚ್ ಆರಿಸಿಯೇ ಬೀಗ ಹಾಕುವುದು ಅವರ ರೂಢಿ. ಎರಡೂ ಮನೆ ಹಿಂದೆ ಒಂದೇ ಆಗಿದ್ದವು. ಪಾಲಾದಾಗ ಹಿರಿಯರು ಹಗ್ಗ ಹಿಡಿದು ಕೋಣೆಗಳನ್ನು ಅಳೆದರು, ಬಾವಿಗೂ ತೆಂಗಿನಮರಕ್ಕೂ ಒಡೆತನ ಗೊತ್ತುಮಾಡಿದರು, ನಡುವೆ ಗೋಡೆ ಎತ್ತಿಸಿದರು. ಮೀಟರೂ ಬೇರೆಯಾಯಿತು. ಸೂರಿನಡಿ ಮರದ ಪಟ್ಟಿಯ ಮೇಲೆ ಹರಿದಿದ್ದ ತಂತಿಗಳನ್ನು ಯಾರೂ ತಲೆಯೆತ್ತಿ ನೋಡಲಿಲ್ಲ.

ಮೊಹ್ಸಿನ್ ಏಣಿ ಹತ್ತಿ ನೋಡಿದ. ಓಣಿಯ ದೀಪಕ್ಕೆ ಕರೆಂಟ್ ಹೋಗುವ ತಂತಿ ದುರ್ಗಮ್ಮನ ಬೋರ್ಡಿನದು. ವಾಪಸು ಬರುವ ನ್ಯೂಟ್ರಲ್ ತಂತಿ ಗೋಡೆ ದಾಟಿ ಮೈದುನನ ಮನೆ ಸೇರಿತ್ತು; ಅಲ್ಲಿ ಮೇನ್ ಆರಿಸಿದರೆ ಈ ದಾರಿಯೂ ಮುಚ್ಚುತ್ತಿತ್ತು.

“ಅವತ್ತೇ ನೋಡ್ಬೇಕಿತ್ತು. ಹತ್ತಿತಲ್ಲ ಅಂತ ಸುಮ್ನಾದೆ,” ಎಂದ.

ದುರ್ಗಮ್ಮ ಅವನನ್ನೂ ಕರೆದುಕೊಂಡು ಪಕ್ಕದ ಮನೆಗೆ ಹೋಗಿ ಕೇಳಿದರು. “ಹಬ್ಬ ಮುಗಿಯೋವರೆಗೆ ಮೇನ್ ಆರಿಸ್ಬೇಡ ಪರಮೇಶಿ.”

“ಬೇರೆ ಏನಾದ್ರೂ ಕೇಳಿ ಅತ್ತಿಗೆ. ಬಾವಿ ಕೇಳಿ, ತೆಂಗಿನಮರ ಕೇಳಿ. ಬೀಗ ಹಾಕಿದ ಮನೇಲಿ ಕರೆಂಟ್ ಬಿಡೋನಲ್ಲ ನಾನು.”

“ನೀವು ಆರಿಸಿದ್ರೂ ಕರೆಂಟ್ ಇರುತ್ತೆ ಅಣ್ಣ,” ಎಂದ ಮೊಹ್ಸಿನ್. ಓಣಿಯ ದೀಪ ಹತ್ತಿಸಿಟ್ಟು, ಈ ಮನೆಯ ಮೇನ್ ಆಫ್ ಮಾಡಿಸಿ, ನಡುಮನೆಯ ಬಲ್ಬಿನ ಹೋಲ್ಡರ್ ಬಿಚ್ಚಿ ನ್ಯೂಟ್ರಲ್ ತಂತಿಗೆ ಟೆಸ್ಟರ್ ಇಟ್ಟ. ಟೆಸ್ಟರ್ ಹೊತ್ತಿಕೊಂಡಿತು. ಮೇನ್ ಆರಿದಾಗ ಅತ್ತಿಗೆಯ ದೀಪದ ಮೂಲಕ ಬಂದ ಕರೆಂಟ್ ಮುಂದೆ ಹೋಗಲು ದಾರಿಯಿಲ್ಲದೆ ಮೈದುನನ ಮನೆಯ ತಂತಿಗಳಲ್ಲೇ ನಿಲ್ಲುತ್ತಿತ್ತು.

ಪರಮೇಶ್ವರಪ್ಪ ಟೆಸ್ಟರನ್ನೇ ನೋಡುತ್ತ ನಿಂತರು. ಆ ಹೋಲ್ಡರನ್ನು ಹಿಂದಿನ ವಾರ ಬದಲಾಯಿಸಿದ್ದು ಅವರೇ, ಮೇನ್ ಆರಿಸಿಕೊಂಡು, ಹಗಲಿನಲ್ಲಿ. ಓಣಿಯ ದೀಪ ಆಗ ಉರಿಯುತ್ತಿರಲಿಲ್ಲ.

“ಆಯ್ತು ಅತ್ತಿಗೆ, ಹಬ್ಬದವರೆಗೆ ಆರಿಸಲ್ಲ,” ಎಂದರು ಕೊನೆಗೆ.

“ನಿನ್ನ ಕೈ ಕೇಳುತ್ತೇನಪ್ಪ? ಚಪ್ಪಲಿ ಮೆಟ್ಟೋಕೆ ಮೊದಲು ಅದು ಮೇನಿಗೆ ಹೋಗುತ್ತೆ. ಆರಿಸಿದ ಮೇಲೆ ನಿನ್ನ ಹೆಂಡ್ತಿ ಯಾವುದಾದ್ರೂ ತಂತಿ ಮುಟ್ಟಿದ್ರೆ? ಮೊಹ್ಸಿನ್, ಕತ್ತರಿಸಿಬಿಡು.”

ಮೊಹ್ಸಿನ್ ತಂತಿ ಕತ್ತರಿಸಿ, ಎರಡೂ ತುದಿಗೆ ಟೇಪು ಸುತ್ತಿದ. ಪಟ್ಟಿಯ ಮೇಲಿನ ತಂತಿಗಳ ರಬ್ಬರ್ ಮುಟ್ಟಿದರೆ ಉದುರುತ್ತಿದ್ದುದರಿಂದ ಅದೇ ದಾರಿಯಲ್ಲಿ ಹೊಸದನ್ನು ಎಳೆಯುವಂತಿರಲಿಲ್ಲ. ದುರ್ಗಮ್ಮನ ಬೋರ್ಡಿನಿಂದಲೇ ಹೊರಗೋಡೆಯ ಮೇಲೆ ಪೈಪು ಹಾಕಿ ಎರಡೂ ತಂತಿ ತರಬೇಕು. ಮೊಹ್ಸಿನ್ ಶಿವಮೊಗ್ಗದಲ್ಲಿ ಗಣಪತಿ ಪೆಂಡಾಲಿನ ಲೈಟಿಂಗ್ ಕೆಲಸ ಒಪ್ಪಿಕೊಂಡಾಗಿತ್ತು.

ಓಣಿ ಕತ್ತಲಾಗಿಯೇ ಉಳಿಯಿತು. ಆ ವಾರ ಹೂ ಕಟ್ಟುವವರಲ್ಲಿ ಇಬ್ಬರು ಮುಖ್ಯರಸ್ತೆಯ ವ್ಯಾಪಾರಿಯ ಕಡೆ ಹೋದರು. ರೂಹಿ ಮತ್ತು ಉಳಿದವರು ಹೋಗಿಲ್ಲ. ಪೈಪಿನ ಕೆಲಸ ಹಬ್ಬ ಕಳೆದ ಮೇಲೆ ಶುರುವಾಗಲಿದೆ. ಅಲ್ಲಿಯವರೆಗೆ ದುರ್ಗಮ್ಮನೇ ಸಂಜೆ ಬುಟ್ಟಿ ಹಿಡಿದು ಅವರವರ ಮನೆಗೆ ಹೋಗಿ, ಅಲ್ಲೇ ಮಾರು ಹಾಕಿ ಮಾಲೆ ತರುತ್ತಾರೆ.