ರೋಹಿಣಿ ಸಿದ್ದಿಗೆ ಸಿಕ್ಕ ಅರ್ಧ ನಿಮಿಷ

ಕಿರವತ್ತಿಯಲ್ಲಿ ಹೆದ್ದಾರಿಗೆ ಮುಖ ಮಾಡಿದ ಒಂದು ಢಾಬಾದಲ್ಲಿ ರೊಟ್ಟಿ ಮಾಡುವ ರೋಹಿಣಿ ಸಿದ್ದಿ ನಾಡಿಗೆಲ್ಲ ಕಾಣುವ ಟೀವಿಯಲ್ಲಿ ಬಂದದ್ದು ಎರಡು ಸಲ. ಮೊದಲ ಸಲ ನಗಿಸುವುದಕ್ಕೆ, ಎರಡನೇ ಸಲ ಚರ್ಚೆಗೆ. ಮೊದಲನೆಯದನ್ನು ಎಷ್ಟು ಲಕ್ಷ ಜನ ನೋಡಿದರೋ. ಎರಡನೆಯದರಲ್ಲಿ ಅವಳು ಹೇಳಬೇಕೆಂದು ಹೋದ ಮಾತನ್ನು ಕೇಳಿಸಿಕೊಂಡವರು ಇಬ್ಬರು.

ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ಹಡಗಿನಲ್ಲಿ ತಂದರು, ಗೋವೆಯಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು ಎಂದು ಓದಿದವರು ಹೇಳುತ್ತಾರೆ. ರೋಹಿಣಿಗೆ ಆಫ್ರಿಕಾ ಎಂದರೆ ಶಾಲೆಯ ಗೋಡೆಗೆ ತೂಗುಹಾಕಿದ್ದ ಭೂಪಟದ ಒಂದು ಆಕಾರ. ಅವಳ ಅಜ್ಜಿ ಹುಟ್ಟಿದ್ದು ಯಲ್ಲಾಪುರದ ಕಾಡಿನಲ್ಲಿ. ಮನೆಯಲ್ಲಿ ಆಡುವುದು ಕನ್ನಡ, ಬೈಯುವಾಗ ಮಾತ್ರ ಒಂದಿಷ್ಟು ಕೊಂಕಣಿ. ಗಂಡ ಉಲ್ಲಾಸ ಗೂಡ್ಸ್ ರಿಕ್ಷಾ ಓಡಿಸುತ್ತಾನೆ.

ಶಿರಸಿಯಲ್ಲಿ ನಡೆದ ಒಂದು ನಾಟಕ ಶಿಬಿರದಲ್ಲಿ ರೋಹಿಣಿ ಹಾಡಿ ಕುಣಿದದ್ದನ್ನು ಟೀವಿಯವರೊಬ್ಬರು ನೋಡಿದರು. ಹಾಸ್ಯ ಕಾರ್ಯಕ್ರಮವೊಂದಕ್ಕೆ ಕರೆ ಬಂತು. ಬೆಂಗಳೂರಿನ ಸ್ಟುಡಿಯೋದಲ್ಲಿ ಅವಳಿಗೆ ಕೊಟ್ಟದ್ದು ಕಾಡಿನ ರಾಣಿಯ ಪಾತ್ರ. ಸೊಂಟಕ್ಕೆ ಸೊಪ್ಪು, ಕೊರಳಿಗೆ ಪ್ಲಾಸ್ಟಿಕ್ ಮೂಳೆಯ ಸರ. ಪಟ್ಟಣದಿಂದ ದಾರಿ ತಪ್ಪಿ ಬಂದ ನಾಯಕನನ್ನು ಹಂಡೆಯಲ್ಲಿ ಬೇಯಿಸಲು ಹೊರಟ ರಾಣಿ ಅವಳು. ಬಣ್ಣ ಹಚ್ಚುವವನು ಕನ್ನಡಿಯಲ್ಲಿ ಅವಳ ಮುಖ ನೋಡಿ, "ಇನ್ನೂ ಸ್ವಲ್ಪ ಕಪ್ಪು ಬೇಕು" ಎಂದು ಮಸಿಯಂಥದ್ದನ್ನು ಬಳಿದ. ರೋಹಿಣಿಗೆ ನಗು ಬಂತು. ಇದಕ್ಕಿಂತ ಕಪ್ಪು ಇವರಿಗೆ ಎಲ್ಲಿ ಸಿಗಬೇಕು ಎಂದುಕೊಂಡಳು.

ಮಾತು ಎಂದರೆ ಒಂದೇ ಸಾಲು, "ಜಿಂಬಾಲಕಾ ಹೂಂಬಾ." ಎಂಟು ಸಲ ಹೇಳಬೇಕು, ಒಂದೊಂದು ಸಲ ಒಂದೊಂದು ಥರ.

"ಇದನ್ನ ಕನ್ನಡದಲ್ಲೇ ಹೇಳ್ಲಾ ಸರ್? ನಂಗೆ ಕನ್ನಡ ಚೊಲೋ ಬರ್ತದೆ" ಎಂದು ಕೇಳಿದಳು.

ನಿರ್ದೇಶಕರು ಪ್ರೀತಿಯಿಂದಲೇ ಹೇಳಿದರು, "ನೀವು ಕನ್ನಡ ಮಾತಾಡಿಬಿಟ್ರೆ ನಗು ಬರಲ್ಲಮ್ಮ."

ಅವಳು ಹೇಳಿದಳು. ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಸದ್ದು ಮೈಮೇಲೆ ಮಳೆ ಬಿದ್ದ ಹಾಗಿತ್ತು ಎಂದು ರೋಹಿಣಿ ಈಗಲೂ ಹೇಳುತ್ತಾಳೆ. ಅದನ್ನು ಸುಳ್ಳು ಎನ್ನಲು ಅವಳು ತಯಾರಿಲ್ಲ.

ಕಾರ್ಯಕ್ರಮ ಪ್ರಸಾರವಾದ ದಿನ ಊರಿನವರೆಲ್ಲ ದುರ್ಗಿಯ ಮನೆಯಲ್ಲಿ ಸೇರಿದ್ದರು. ದುರ್ಗಿ ರೋಹಿಣಿಯ ಚಿಕ್ಕಪ್ಪನ ಮಗಳು, ವಯಸ್ಸಿನಲ್ಲಿ ದೊಡ್ಡವಳು. ಕಾಡಿನ ಜೇನು, ಅಂಟುವಾಳಕಾಯಿ, ಸಾರಿನ ಹುಳಿಗೆಂದು ಒಣಗಿಸಿದ ಮುರುಗಲ ಸಿಪ್ಪೆ ತಂದು ಯಲ್ಲಾಪುರದ ಸಂತೆಯಲ್ಲಿ ಮಾರುತ್ತಾಳೆ. ಅಂದು ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ರಾಣಿ ಸಾಹೇಬ್ರೆ, ನಮ್ಮನ್ನೂ ಬೇಯ್ಸಿ ತಿನ್ಬೇಡಿ ಮತ್ತೆ" ಎಂದಿದ್ದಳು.

ಒಂದು ತಿಂಗಳು ಕಳೆದಿರಬೇಕು. ಸಂತೆಯಿಂದ ಬಂದ ದುರ್ಗಿ ತನ್ನ ಮನೆಗೆ ಹೋಗದೆ ಸೀದಾ ಢಾಬಾದ ಹಿಂಬಾಗಿಲಿಗೆ ಬಂದು ನಿಂತಳು.

"ಎಂತಾತೇ ಅಕ್ಕ?" ಎಂದಳು ರೋಹಿಣಿ.

ದುರ್ಗಿ ಬುಟ್ಟಿ ಇಳಿಸಿದಳು. "ಕಾರಲ್ಲಿ ಬಂದೋರು. ಗಂಡ, ಹೆಂಡ್ತಿ, ಮಕ್ಳು. ಜೇನಿನ ಬಾಟ್ಲಿ ಎತ್ಕಂಡು, ಜಿಂಬಾಲಕಾ ಎಷ್ಟು ಅಂತ ಕೇಳ್ದ. ನಾ ಕನ್ನಡದಲ್ಲಿ ರೇಟು ಹೇಳ್ದೆ. ಓ, ಕನ್ನಡ ಬರ್ತದೆ ಇವಳಿಗೆ ಅಂದ್ಲು ಅವನ ಹೆಂಡ್ತಿ. ಆ ಟೀವಿ ಮಾತು ಒಂದ್ಸಲ ಹೇಳು, ಎರಡು ಬಾಟ್ಲಿ ತಕಂತೆ ಅಂದ ಅವ. ಮಕ್ಳು ಮೊಬೈಲ್ ಹಿಡ್ಕಂಡು ನಿಂತಿದ್ವು."

"ನೀ ಎಂತ ಮಾಡ್ದೆ?"

"ಹೇಳ್ದೆ." ದುರ್ಗಿ ಅಷ್ಟು ಹೊತ್ತು ಗಟ್ಟಿಯಾಗಿಯೇ ಮಾತಾಡುತ್ತಿದ್ದವಳು ಆ ಒಂದು ಮಾತನ್ನು ತಗ್ಗಿದ ದನಿಯಲ್ಲಿ ಹೇಳಿದಳು. "ಹೇಳ್ದೆ ಮಾರಾಯ್ತಿ. ಪಕ್ಕದ ಅಂಗಡಿಯೋರೆಲ್ಲ ನೋಡ್ತಿದ್ರು. ನನ್ನ ಹುಡುಗಿಯಾಗಿದ್ದಾಗಿಂದ ಕಂಡೋರು ಅವ್ರು. ಅವ್ರೂ ನಕ್ರು. ನಿಂಗೆ ಅಲ್ಲಿ ಚಪ್ಪಾಳೆ ಹೊಡದ್ರು. ನಂಗೆ ಇಲ್ಲಿ ಹೇಳ್ಸಿದ್ರು."

ರೋಹಿಣಿಯ ಕಾವಲಿಯ ಮೇಲಿನ ರೊಟ್ಟಿ ಸೀದುಹೋಯಿತು. ದುರ್ಗಿ ಬುಟ್ಟಿ ಹೊತ್ತುಕೊಂಡು ಹೋದವಳು ಮುಂದೆ ಬಹಳ ದಿನ ಅವಳ ಜೊತೆ ಮಾತಾಡಲಿಲ್ಲ.

ಇಂಥದ್ದು ದುರ್ಗಿಯೊಬ್ಬಳಿಗೇ ಆಗಿರಲಿಲ್ಲ. ಧಾರವಾಡದಲ್ಲಿ ಓದುತ್ತಿದ್ದ ಕೆಲವು ಸಿದ್ದಿ ಹುಡುಗ ಹುಡುಗಿಯರು, ಹಾಸ್ಟೆಲಿನಲ್ಲಿ ತಮ್ಮನ್ನು ಅದೇ ಮಾತಿನಿಂದ ಕರೆಯುತ್ತಿದ್ದಾರೆಂದು ವಿಡಿಯೋ ಮಾಡಿ ಹಾಕಿದರು, ದೂರು ಕೊಟ್ಟರು. ಸುದ್ದಿಯಾಯಿತು. ಸುದ್ದಿ ಆದ ಮೇಲೆ ಚರ್ಚೆ ಬೇಕಲ್ಲ. ಒಂದು ಸುದ್ದಿ ವಾಹಿನಿ 'ನಗೋದಕ್ಕೂ ಪರ್ಮಿಷನ್ ಬೇಕಾ?' ಎಂದು ಹೆಸರಿಟ್ಟು ಕಾರ್ಯಕ್ರಮ ಮಾಡಲು ಹೊರಟಿತು. ರೋಹಿಣಿಗೂ ಕರೆ ಬಂತು. ಬೆಂಗಳೂರಿಗೆ ಬರುವುದು ಬೇಡ, ಶಿರಸಿಯ ಕೇಬಲ್ ಟೀವಿ ಕಚೇರಿಯಿಂದಲೇ ಮಾತಾಡಬಹುದು ಎಂದರು.

ಅದೇ ದಿನ ಹಾಸ್ಯ ಕಾರ್ಯಕ್ರಮದ ಕಡೆಯವರು ಫೋನು ಮಾಡಿದರು. "ಖುಷಿಯಿಂದ ಮಾಡಿದೆ ಅಂದ್ಬಿಡಿ, ಸಾಕು. ಮುಂದಿನ ಸೀಸನ್‌ಗೆ ನೀವು ಇದ್ದೀರಿ." ಸಂಜೆ ವಿದ್ಯಾರ್ಥಿಗಳ ಕಡೆಯಿಂದ ಒಬ್ಬ ಹುಡುಗಿ ಮಾತಾಡಿದಳು. ಕಾವ್ಯಶ್ರೀ ಎಂದು ಹೆಸರು, ಯಲ್ಲಾಪುರದವಳೇ. "ಅಕ್ಕಾ, ಅವ್ರು ಒತ್ತಾಯ ಮಾಡಿ ಮಾಡ್ಸಿದ್ರು ಅಂತ ಹೇಳು. ನಮ್ಮ ಕೇಸು ಗಟ್ಟಿ ಆಗ್ತದೆ."

ಖುಷಿಯಾಗಿದ್ದು ನಿಜ. ಅದೊಂದೇ ನಿಜ ಎಂದರೆ ಸುಳ್ಳು. ಒತ್ತಾಯ ಯಾರೂ ಮಾಡಿರಲಿಲ್ಲ. ಕನ್ನಡದಲ್ಲಿ ಹೇಳುತ್ತೇನೆ ಎಂದಾಗ ಬೇಡ ಎಂದದ್ದನ್ನು ಒತ್ತಾಯ ಎನ್ನುವುದೋ ಬಿಡುವುದೋ, ಅದೂ ಗೊತ್ತಾಗಲಿಲ್ಲ. ಉಲ್ಲಾಸನನ್ನು ಕೇಳಿದರೆ, "ಹೋಗ್ದೇ ಇದ್ರೆ ಎಂತ ಆಗ್ತದೆ?" ಎಂದ. ಅವಳು ಹೋಗುವುದೆಂದು ತೀರ್ಮಾನಿಸಿದಳು. ಹೊರಡುವ ಹೊತ್ತಿಗೆ ದುರ್ಗಿ ಒಳ್ಳೆಯ ಸೀರೆ ಉಟ್ಟು ರಸ್ತೆಯಲ್ಲಿ ನಿಂತಿದ್ದಳು. "ನಾನೂ ಬತ್ತೆ" ಎಂದಳು, ಅಷ್ಟೇ. ಶಿರಸಿ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು.

ಕೇಬಲ್ ಕಚೇರಿ ನಡೆಸುವ ವೈಭವ ಎಂಬ ಹುಡುಗ ನೀಲಿ ಪರದೆಯ ಮುಂದೆ ಕುರ್ಚಿ ಹಾಕಿ, ರೋಹಿಣಿಯ ಕಿವಿಗೆ ಇಯರ್‌ಫೋನು ಕೊಟ್ಟ. ಅವಳಿಗೆ ಯಾರೂ ಕಾಣುತ್ತಿರಲಿಲ್ಲ, ಕ್ಯಾಮೆರಾದ ಕಪ್ಪು ಕಣ್ಣೊಂದೇ. ಮೂಲೆಯ ಸಣ್ಣ ಟೀವಿಯಲ್ಲಿ ದುರ್ಗಿಗೆ ಎಲ್ಲ ಕಾಣುತ್ತಿತ್ತು. ಪರದೆಯಲ್ಲಿ ಆರು ಚೌಕ, ಆರು ಮುಖ, ಕೆಳಗಿನ ಮೂಲೆಯಲ್ಲಿ ರೋಹಿಣಿ.

ನಿರೂಪಕ ಮನೋಹರ ಶುರು ಮಾಡಿದ್ದೇ ಏರಿದ ದನಿಯಲ್ಲಿ. ವಕೀಲರೊಬ್ಬರು, ಇದು ಜನಾಂಗ ನಿಂದನೆ, ಕಾರ್ಯಕ್ರಮವನ್ನೇ ನಿಷೇಧಿಸಬೇಕು ಎಂದರು. ಸಿನಿಮಾ ನಿರ್ಮಾಪಕರೊಬ್ಬರು, ಇವತ್ತು ಇದನ್ನು ನಿಲ್ಲಿಸಿದರೆ ನಾಳೆ ಕುಂಟ, ಕುಡುಕ, ಮಾವ, ಅಳಿಯ ಯಾರ ಪಾತ್ರವನ್ನೂ ಬರೆಯುವ ಹಾಗಿಲ್ಲ, ಸಂವಿಧಾನ ಕೊಟ್ಟ ವಾಕ್ ಸ್ವಾತಂತ್ರ್ಯ ಎಲ್ಲಿಗೆ ಹೋಯಿತು ಎಂದರು. ನಮ್ಮ ದೇಶದಲ್ಲಿ ಜನಾಂಗ ದ್ವೇಷ ಎನ್ನುವುದೇ ಇಲ್ಲ, ಅದು ಅಮೆರಿಕದ ರೋಗ ಎಂದು ಮತ್ತೊಬ್ಬರು. ಕಾವ್ಯಶ್ರೀ ಹಾಸ್ಟೆಲಿನ ಕಥೆ ಹೇಳತೊಡಗಿದಳು, ಅರ್ಧದಲ್ಲೇ ಇನ್ನೊಬ್ಬರು ಬಾಯಿ ಹಾಕಿದರು. ಎಲ್ಲರ ಮಾತೂ ರೋಹಿಣಿಯ ಕಿವಿಯಲ್ಲಿ ಒಟ್ಟಿಗೆ ಬೀಳುತ್ತಿತ್ತು. ಅವರ ಕೆಲವು ಮಾತು ಅವಳಿಗೆ ಸರಿ ಎನಿಸಿತು, ಆಶ್ಚರ್ಯವೆಂದರೆ ಎರಡೂ ಕಡೆಯದ್ದು.

ಬಹಳ ಹೊತ್ತಿನ ಮೇಲೆ ಮನೋಹರ ಅವಳ ಹೆಸರು ಕರೆದ. "ರೋಹಿಣಿಯವರೇ, ಒಂದೇ ಪ್ರಶ್ನೆ. ಹೌದು ಅಥವಾ ಇಲ್ಲ. ಆ ಪಾತ್ರ ಮಾಡೋಕೆ ನಿಮ್ಮನ್ನ ಯಾರಾದ್ರೂ ಒತ್ತಾಯ ಮಾಡಿದ್ರಾ?"

"ಇಲ್ಲ ಸರ್. ಒತ್ತಾಯ ಮಾಡ್ಲಿಲ್ಲ. ನಾ ಖುಷಿಯಿಂದ್ಲೇ ಮಾಡ್ದೆ. ಆದ್ರೆ..."

"ಕೇಳಿದ್ರಾ! ಕೇಳಿದ್ರಾ!" ನಿರ್ಮಾಪಕರ ದನಿ ಎದ್ದಿತು. ವಕೀಲರು ಅದರ ಮೇಲೆ ಕೂಗಿದರು. "ಒಂದು ಬ್ರೇಕ್ ತಗೊಂಡು ಬರೋಣ" ಎಂದ ಮನೋಹರ. ಕಿವಿಯಲ್ಲಿ ಸದ್ದು ನಿಂತಿತು. ಟೀವಿಯಲ್ಲಿ ಸೋಪಿನ ಜಾಹೀರಾತು ಬಂತು.

ರೋಹಿಣಿಗೆ ಇದು ತಿಳಿಯಲಿಲ್ಲ. ಜನ ಸುಮ್ಮನಾದರು, ತನ್ನ ಮಾತಿಗೆ ಕಾಯುತ್ತಿದ್ದಾರೆ ಎಂದೇ ಅವಳು ತಿಳಿದಳು. ಕ್ಯಾಮೆರಾ ನೋಡುತ್ತ ಮುಂದುವರಿಸಿದಳು.

"ಆದ್ರೆ ಸರ್, ನಾ ಬಣ್ಣ ತೊಳ್ಕಂಡು ಮನೆಗೆ ಬಂದೆ. ಆ ಮಾತು ನನ್ನ ಸಂಗಡ ಬಂದು ನಮ್ಮ ಸಂತೆಲಿ ಉಳ್ಕಂತು. ನನ್ನ ಅಕ್ಕನ ಹತ್ರ ಹೇಳ್ಸಿದ್ರು. ನಾ ಖುಷಿಯಿಂದ ಹೇಳಿದ್ನ ಅವ್ಳು ಅಳು ನುಂಗ್ಕಂಡು ಹೇಳ್ದಾಂಗಾತು. ನಿಲ್ಸಿ ಅಂತ ನಾ ಹೇಳೂದಿಲ್ಲ. ನಿಲ್ಸಿದ್ರೆ ನಮ್ಮಂಥೋರನ್ನ ಟೀವಿಗೆ ಮತ್ತೆ ಯಾರು ಕರೀತ್ರು? ಬೇರೆಯೋರಿಗೇ ಮಸಿ ಬಳ್ದು ಮಾಡ್ಸ್ತ್ರು. ನಾ ಕನ್ನಡದಲ್ಲಿ ಹೇಳ್ತೆ ಅಂದಿದ್ದೆ ಸರ್. ನೀವು ಕನ್ನಡ ಮಾತಾಡಿದ್ರೆ ನಗು ಬರೂದಿಲ್ಲ ಅಂದ್ರು. ಮಾತಾಡೂ ಸ್ವಾತಂತ್ರ್ಯ ಅಂತ ಇಷ್ಟೊತ್ತು ಹೇಳಿದ್ರಲ್ಲ, ಅದ್ರಾಗೆ ನನ್ನದೂ ಒಂದ್ಚೂರು ಇತ್ತಾ ಅಂತ..."

ವೈಭವ ನಿಧಾನವಾಗಿ ಕೈ ಎತ್ತಿದ. "ಅಕ್ಕಾ, ಲೈನ್ ಕಟ್ ಆಗಿ ಸುಮಾರು ಹೊತ್ತಾಯ್ತು."

ಬ್ರೇಕ್ ಮುಗಿದ ಮೇಲೆ ಪರದೆಯಲ್ಲಿ ಐದೇ ಚೌಕ ಇದ್ದವು.

ಮರುದಿನ 'ಖುಷಿಯಿಂದಲೇ ಮಾಡಿದೆ: ಸಿದ್ದಿ ಮಹಿಳೆ' ಎಂಬ ತುಣುಕು ಊರೂರು ಸುತ್ತಿತು. ಕಾವ್ಯಶ್ರೀ ಫೋನು ಮಾಡಿ ಅತ್ತಳು, ಆಮೇಲೆ ಬೈದಳು. ಹಳ್ಳಿಯ ಕೆಲವರು ರೋಹಿಣಿಯನ್ನು ನೋಡಿದರೂ ನೋಡದ ಹಾಗೆ ಹೋದರು. ಆಗ ಮನೆ ಮನೆಗೆ ಹೋಗಿ ಬಾಯಿ ಮಾಡಿದವಳು ದುರ್ಗಿ. "ನಾ ಅಲ್ಲೇ ಕೂತಿದ್ದೆ. ಅವ್ಳು ಪೂರಾ ಹೇಳಿದ್ಲು. ಅವ್ರಿಗೆ ಅರ್ಧನೇ ಬೇಕಾಗಿತ್ತು." ಕಾವ್ಯಶ್ರೀಗೂ ಅವಳೇ ಫೋನು ಮಾಡಿ ಒಂದೊಂದು ಮಾತೂ ಒಪ್ಪಿಸಿದಳು.

ವಾರದ ನಂತರ ವೈಭವನ ಕರೆ ಬಂತು. ಅವನ ಕೇಬಲ್ ವಾಹಿನಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಬಿಟ್ಟರೆ ಎಲ್ಲೂ ಬರುವುದಿಲ್ಲ. ಅಡಿಕೆ ಧಾರಣೆ, ಶಾಲೆಗಳ ವಾರ್ಷಿಕೋತ್ಸವ, ಯಾರದೋ ಶ್ರದ್ಧಾಂಜಲಿ ಇಷ್ಟೇ ಅದರಲ್ಲಿ ಬರುವುದು. "ಅವತ್ತು ಹೇಳಿದ್ದನ್ನ ನಮ್ಮಲ್ಲಿ ಹೇಳಿ ಅಕ್ಕಾ. ಒಂದು ತಾಸು ಕೊಡ್ತೆ. ಬ್ರೇಕ್ ಇಲ್ಲ, ಜಾಹೀರಾತು ಹೆಂಗೂ ನಮಗೆ ಸಿಗೂದಿಲ್ಲ."

ದುರ್ಗಿಯನ್ನೂ ಕೂರಿಸಿದರೆ ಬರುತ್ತೇನೆ ಎಂದಳು ರೋಹಿಣಿ.

ಆ ಒಂದು ತಾಸು ಅಕ್ಕ ತಂಗಿಯರು ಜಗಳವನ್ನೇ ಆಡಿದರು. ಅಂಥ ಆಟ ನಿಲ್ಲಿಸಲೇಬೇಕು, ಟೀವಿಯವರಿಗೆ ದಂಡ ಹಾಕಬೇಕು ಎಂದು ದುರ್ಗಿ. ದಂಡ ಹಾಕಿದರೆ ಬಾಯಿ ಮುಚ್ಚುತ್ತಾರೆ, ಮನಸ್ಸು ಹಾಗೇ ಇರುತ್ತದೆ ಎಂದು ರೋಹಿಣಿ. "ಮನಸ್ಸು ಅವ್ರ ಹತ್ರನೇ ಇರ್ಲಿ. ನಂಗೆ ಬಾಯಿ ಮುಚ್ಚಿದ್ರೆ ಸಾಕು" ಎಂದಳು ದುರ್ಗಿ. ನೋಡುತ್ತಿದ್ದವರು ಫೋನು ಮಾಡಿದರು. ನಿಲ್ಕುಂದದ ಒಬ್ಬರು, ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇಕೆ ಎಂದರು. ಸೋಂದಾದ ಒಬ್ಬ ಜಿಂಬಾಲಕಾ ಎಂದು ಕೂಗಿ ಫೋನು ಇಟ್ಟ. ಬನವಾಸಿ ಕಡೆಯ ಗುರುಶಾಂತವ್ವ ಎಂಬ ಮುದುಕಿಯ ಕರೆ ಕೊನೆಗೆ ಬಂತು.

"ನಾನೂ ಅದನ್ನ ನೋಡಿ ಭಾಳ ನಕ್ಕೇನವ್ವಾ. ಈಗ ನಿಮ್ಮ ಮಾತು ಕೇಳಾಕತ್ತೀನಿ. ನಗಬಾರ್ದಿತ್ತೇನು? ಹೇಳ್ರಿ."

ರೋಹಿಣಿ ದುರ್ಗಿಯ ಮುಖ ನೋಡಿದಳು. ದುರ್ಗಿ ಕ್ಯಾಮೆರಾದ ಕಡೆ ತಿರುಗಿದಳು. "ನಾನೂ ನಕ್ಕಿದ್ದೆ ಅಮ್ಮಾ" ಎಂದಳು. "ಎಲ್ರಿಗಿಂತ ಜೋರಾಗಿ ನಕ್ಕಿದ್ದೆ. ನಗೂ ಹೊತ್ತಿಗೆ ಗೊತ್ತಾಗೂದಿಲ್ಲ. ಆಮೇಲೆ ಗೊತ್ತಾದ್ರೆ ಸಾಕು."

ಹಾಸ್ಯ ಕಾರ್ಯಕ್ರಮದವರು ಒಂದು ರಾತ್ರಿ ಪರದೆಯ ಕೆಳಗೆ ವಿಷಾದದ ಸಾಲೊಂದನ್ನು ಓಡಿಸಿದರು. ಓದಿದವರು ಎಷ್ಟೋ. ಮುಂದಿನ ಸೀಸನ್‌ಗೆ ರೋಹಿಣಿಯನ್ನು ಕರೆದದ್ದು ನಿಜ. ಮಸಿ ಬೇಡ, ಕನ್ನಡದ ಮಾತು ಬೇಕು ಎಂದಳು. ತಿಳಿಸುತ್ತೇವೆ ಎಂದವರು ತಿಳಿಸಲಿಲ್ಲ. ಆ ವರ್ಷ ಟೀವಿ ನೋಡುವುದೆಂದರೆ ಅವಳಿಗೆ ಹೊಟ್ಟೆ ಉರಿಯುತ್ತಿತ್ತು, ಅದನ್ನೂ ಅವಳು ಮುಚ್ಚಿಡುವುದಿಲ್ಲ. ದುರ್ಗಿ ಸಂತೆಗೆ ಹೋಗುವುದನ್ನು ಬಿಡಲಿಲ್ಲ. ಹಳೆಯ ಪರಿಚಯದ ಅಂಗಡಿಯವರಲ್ಲಿ ಒಬ್ಬರು ಮಾತ್ರ ಅವಳ ಹತ್ತಿರ ಬಂದು, ಅವತ್ತು ತಾನೂ ನಗಬಾರದಿತ್ತು ಎಂದರಂತೆ. ಉಳಿದವರು ಏನೂ ಆಗಿಲ್ಲವೆಂಬಂತೆ ಇದ್ದಾರೆ.

ವೈಭವ ಈಗ ತಿಂಗಳಿಗೊಂದು ತಾಸು ಇವರಿಗೆ ಕೊಡುತ್ತಾನೆ. ರೋಹಿಣಿ ಸಣ್ಣ ಪ್ರಹಸನ ಕಟ್ಟುತ್ತಾಳೆ, ಆಮೇಲೆ ಅದರ ಮೇಲೆ ಮಾತು. ಕಳೆದ ಸಲ ಅವಳು ಕಟ್ಟಿದ್ದು ಢಾಬಾಕ್ಕೆ ಬರುವ ಲಾರಿ ಚಾಲಕನೊಬ್ಬನ ಪಾತ್ರ. ಕಾಲೆಳೆಯುತ್ತ ಬಂದು, ಎಲೆ ತುಂಬ ಬಡಿಸಿಕೊಂಡು, ಬಯಲುಸೀಮೆಯ ಭಾಷೆಯಲ್ಲಿ ಊಟಕ್ಕೆ ಹೆಸರಿಡುವವನು. ತಾಲೀಮಿನಲ್ಲಿ ಎಲ್ಲರೂ ನಕ್ಕರು. ದುರ್ಗಿಯೂ ನಕ್ಕಳು, ನಕ್ಕು ಕೇಳಿದಳು.

"ಇದು ಹಾವೇರಿ ನಾಗಪ್ಪ ಅಲ್ದನೇ? ಅವ್ನ ಕೇಳಿದ್ಯಾ?"

ರೋಹಿಣಿ ಕೇಳಿರಲಿಲ್ಲ. ಕೇಳಬೇಕೆಂದು ಹೊಳೆದೂ ಇರಲಿಲ್ಲ.

ನಾಗಪ್ಪನ ಲಾರಿ ಮತ್ತೆ ಬಂದದ್ದು ಮರುದಿನ ಮಧ್ಯಾಹ್ನ. ಊಟ ಬಡಿಸಿ, ಎದುರು ನಿಂತು, ಹಿಂಜರಿಯುತ್ತಲೇ ಆ ಪಾತ್ರವನ್ನು ಅವನಿಗೇ ಮಾಡಿ ತೋರಿಸಿದಳು. ನಾಗಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನೋಡಿದ. ಅವನು ನಗಲಿಲ್ಲ.

"ನಾ ಹಿಂಗ ಮಾತಾಡ್ತೀನೇನ್ರಿ?"

"ಸ್ವಲ್ಪ ಹೆಚ್ಚು ಮಾಡ್ದೆ."

"ಊಟದ್ದು ಮಾಡ್ರಿ, ಅಡ್ಡಿಯಿಲ್ಲ" ಎಂದ ಅವನು ಯೋಚಿಸುತ್ತ. "ಆ ನಡಕೀದು ಬ್ಯಾಡ್ರಿ. ಕಾಲು ಅಪಘಾತದಾಗ ಮುರದಿತ್ತು."

ರೋಹಿಣಿ ಅವನ ಎಲೆಗೆ ಇನ್ನೊಂದು ರೊಟ್ಟಿ ಹಾಕಿದಳು. ಸಂಜೆ ತಾಲೀಮಿಗೆ ಹೋದಾಗ ನಡಿಗೆಯನ್ನು ತೆಗೆದುಹಾಕಿದಳು. ಪ್ರಹಸನದಲ್ಲಿ ನಗು ಒಂದಿಷ್ಟು ಕಡಿಮೆಯಾಯಿತು. ಇರಲಿ, ಬೇರೆ ಏನಾದರೂ ಹುಡುಕೋಣ ಎಂದು ಅವಳೂ ದುರ್ಗಿಯೂ ಜಗಲಿಯಲ್ಲಿ ಕುಳಿತರು.