ಅಟ್ಟದ ಮೇಲಿಂದ ಕಲಿತ ಜೂಡೋ

ಪರಮೇಶಪ್ಪ ಮೇಷ್ಟ್ರೇ, ಆ ದಿನ ಮೈದಾನದಲ್ಲಿ ನೀವು ಅಂಗೈಯಿಂದ ನನ್ನ ಕಾಲು ತಟ್ಟಿದಿರಲ್ಲ, ಅದರ ಅರ್ಥ ನನಗೆ ಗೊತ್ತಿತ್ತು. ಸೋತೆ, ಬಿಡು — ಅಷ್ಟೇ ಅದರ ಅರ್ಥ. ಗೊತ್ತಿದ್ದೇ ನಿಮ್ಮ ಬಲಮೊಣಕೈ ಮುರಿದೆ. ಮುರಿದ ಮೇಲೆ, ನನಗೆ ಗೊತ್ತಿರಲಿಲ್ಲ ಎಂದು ಊರಿನವರೆದುರು ಸುಳ್ಳು ಹೇಳಿದೆ. ಹನ್ನೆರಡು ವರ್ಷದಿಂದ ಆ ಸುಳ್ಳಿನ ಆಸರೆಯಲ್ಲೇ ಮರ್ಯಾದಸ್ಥನಾಗಿ ಬದುಕಿದ್ದೇನೆ.

ಇದರಲ್ಲಿ ಅರ್ಧ ನಿಮಗೆ ಗೊತ್ತಿರುವ ವಿಷಯವೇ. ಆದರೂ ಮೊದಲಿನಿಂದ ಬರೆಯುತ್ತೇನೆ. ಇದನ್ನು ಓದುವವರು ನೀವೊಬ್ಬರೇ ಆಗಬಾರದು.

ನನ್ನ ದೊಡ್ಡಪ್ಪ ನಂಜಪ್ಪ ಮಾಯಸಂದ್ರದ ಸುತ್ತಮುತ್ತ ಹೆಸರಿದ್ದ ಕುಸ್ತಿ ಉಸ್ತಾದ್. ನಾನು ನಡೆಯಲು ಕಲಿಯುವ ಮೊದಲೇ ಅಪ್ಪ ತೀರಿಕೊಂಡಿದ್ದ. ನನಗೆ ಅಪ್ಪನೂ ದೊಡ್ಡಪ್ಪನೇ, ಗುರುವೂ ದೊಡ್ಡಪ್ಪನೇ. ಎಪ್ಪತ್ತರ ದಶಕದ ನಡುವೆ ನೀವು ನಮ್ಮ ಹೈಸ್ಕೂಲಿಗೆ ಡ್ರಿಲ್ ಮೇಷ್ಟ್ರಾಗಿ ಬಂದಿರಿ. ಹಂಗಾಮಿ ಕೆಲಸ, ಇಪ್ಪತ್ತಾರರ ವಯಸ್ಸು. ಬೆಂಗಳೂರಿನಲ್ಲಿ ಜೂಡೋ ಕಲಿತವರು ಎಂದು ಸುದ್ದಿಯಾಯಿತು. ನಮ್ಮ ಕಡೆ ಆಗ ಆ ಹೆಸರು ಕೇಳಿದವರೇ ಕಡಿಮೆ. ಇಟ್ಟಿಗೆ ಒಡೆಯುವ ವಿದ್ಯೆ ಇರಬೇಕು ಎಂದುಕೊಂಡಿದ್ದೆವು.

ಬಂದ ವಾರವೇ ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣು ಹಿಡಿದು ನೀವು ಗರಡಿಗೆ ಬಂದಿರಿ. ಚಪ್ಪಲಿ ಹೊರಗೆ ಬಿಟ್ಟು, ಕುಸ್ತಿ ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿರಿ. ದೊಡ್ಡಪ್ಪನಿಗೆ ಖುಷಿಯೋ ಖುಷಿ.

"ಅದೇನಪ್ಪ ನಿನ್ನ ಜೂಡೋ? ಒಂದು ಕೈ ನೋಡೇ ಬುಡನ, ಬಾ."

"ಬೇಡಿ ಯಜಮಾನ್ರೇ, ನೀವು ದೊಡ್ಡೋರು," ಎಂದಿರಿ. ಒಂದಲ್ಲ, ಮೂರು ಸಲ ಎಂದಿರಿ. ದೊಡ್ಡಪ್ಪ ಬಿಡಬೇಕಲ್ಲ! ಕೊನೆಗೆ ನಿಮ್ಮ ಚೀಲದಿಂದ ದಪ್ಪ ಬಟ್ಟೆಯ ಬಿಳಿ ಅಂಗಿ ತೆಗೆದು ಅವನಿಗೆ ತೊಡಿಸಿದಿರಿ. ಅವನು ಅಭ್ಯಾಸದಂತೆ ಹೋರಿಯ ಹಾಗೆ ನುಗ್ಗಿದ. ನೀವು ಎದುರು ನಿಲ್ಲಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ಅಂಗಿಯ ಕತ್ತುಪಟ್ಟಿ ಹಿಡಿದು ಒಳಗೆ ತಿರುಗಿದಿರಿ. ಅಗಸರು ಬಟ್ಟೆಯನ್ನು ಹೆಗಲ ಮೇಲಿಂದ ಎತ್ತಿ ಕಲ್ಲಿಗೆ ಒಗೆಯುವಂತೆ ಎದುರಾಳಿಯನ್ನು ಒಗೆಯುವ ಪಟ್ಟೊಂದು ನಮ್ಮಲ್ಲೂ ಇದೆ. ಅದು ದೊಡ್ಡಪ್ಪನ ಹೆಸರುವಾಸಿ ಪಟ್ಟು. ಅದೇ ಪಟ್ಟಿನಲ್ಲಿ ಅವನು ತನ್ನದೇ ಗರಡಿಯ ಮಣ್ಣಿಗೆ ಬೆನ್ನು ಹಚ್ಚಿ ಬಿದ್ದ.

ಅವನು ಬೀಳುವಾಗ ನೀವು ಅವನ ತೋಳನ್ನು ಮೇಲಕ್ಕೆಳೆದು ಹಿಡಿದಿದ್ದಿರಿ, ತಲೆ ನೆಲಕ್ಕೆ ಬಡಿಯದ ಹಾಗೆ. ನಾನು ಅದನ್ನು ನೋಡಿದೆ. ನೋಡಿಯೂ — ಇರಲಿ.

ದೊಡ್ಡಪ್ಪ ಎದ್ದು ಮಣ್ಣು ಕೊಡವಿಕೊಂಡು, "ಭಲೇ ಕಣಪ್ಪ! ನನ್ನ ಪಟ್ಟು ನಂಗೇ ಹಾಕ್ದಲ್ಲ," ಎಂದು ನಕ್ಕ. ಆದರೆ ಗರಡಿಯಲ್ಲಿದ್ದ ಇನ್ನೂ ನಾಲ್ಕು ಜನ ನಕ್ಕರು. ಮಾರನೆಯ ದಿನದಿಂದ ಅವನು ಮಣ್ಣಿಗಿಳಿಯಲಿಲ್ಲ, ಜಗಲಿಯ ಮೇಲೆ ಕೂತೇ ಪಟ್ಟು ಹೇಳಿಕೊಡತೊಡಗಿದ. ಕೇಳಿದರೆ, "ಮಂಡಿ ನೋವು ಕಣ್ಲಾ," ಎಂದ. ನಾನು ನಂಬಲಿಲ್ಲ. ಅವಮಾನಕ್ಕೆ ಹೀಗೆ ಕೂತುಬಿಟ್ಟಿದ್ದಾನೆ ಎಂದುಕೊಂಡೆ. ಅವನು ನಿಮ್ಮ ಮೇಲೆ ಒಂದು ಮಾತೂ ಆಡಲಿಲ್ಲ. ಅವನ ಪಾಲಿನ ಸಿಟ್ಟನ್ನೂ ನಾನೇ ಮೈಮೇಲೆ ಹಾಕಿಕೊಂಡೆ. ರಾಗಿಮುದ್ದೆ ನುಂಗುವಾಗಲೂ ನಿಮ್ಮ ಮುಖ ಕಣ್ಣೆದುರು ಬಂದು ಹಲ್ಲು ಕಡಿಯುತ್ತಿದ್ದೆ. ಈ ಮನುಷ್ಯನನ್ನು ಬರೀ ಸೋಲಿಸಿದರೆ ಸಾಲದು, ಮತ್ತೆ ಯಾರನ್ನೂ ಹೀಗೆ ಎತ್ತಿ ಒಗೆಯದ ಹಾಗೆ ಮಾಡಬೇಕು ಎನ್ನಿಸುತ್ತಿತ್ತು.

ನಾನು ಆಗ ಒಬ್ಬರು ಕೊಬ್ಬರಿ ಸಾಹುಕಾರರ ಬಳಿ ಕೆಲಸಕ್ಕಿದ್ದೆ. ಕೊಬ್ಬರಿ ಮಾಡುವ ಬಗೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ: ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ನೀರು ಬತ್ತಿ ಕೊಬ್ಬರಿ ಒಳಗೇ ಬಿಡಿಸಿಕೊಳ್ಳುತ್ತದೆ. ಒಂದೊಂದು ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು, ಕೊಳೆತದ್ದನ್ನು ಬೇರೆ ಮಾಡುವುದು ನನ್ನ ಕೆಲಸ. ಅಟ್ಟದ ಕೆಳಗಿನ ನೆಲ ವರ್ಷವಿಡೀ ಖಾಲಿ. ಸಾಹುಕಾರರು ಅದನ್ನು ನಿಮ್ಮ ಜೂಡೋ ಕ್ಲಾಸಿಗೆ ಬಿಟ್ಟುಕೊಟ್ಟರು. ನೀವು ಒಂದು ಗೇಣು ದಪ್ಪ ತೆಂಗಿನ ನಾರು ಹರಡಿ, ಮೇಲೆ ಲಾರಿ ಟಾರ್ಪಾಲು ಬಿಗಿದು ಹಾಸು ಮಾಡಿಕೊಂಡಿರಿ. ನಾನು ಹತ್ತುವ ಏಣಿ ಇದ್ದದ್ದು ಹಿತ್ತಲ ಕಡೆ. ಸಂಜೆ ಐದಕ್ಕೆ ನೀವು ಕೆಳಗೆ ಕ್ಲಾಸು ಶುರುಮಾಡುವಾಗ, ನಿಮ್ಮ ತಲೆಯ ಮೇಲೆ ಬಿದಿರು ದಬ್ಬೆಗಳ ಸಂದಿಗೆ ಕಣ್ಣಿಟ್ಟು ನಾನು ಬೋರಲು ಮಲಗಿರುತ್ತಿದ್ದೆ. ನಿಮಗೆ ತಿಳಿಯಲೇ ಇಲ್ಲ.

ಮೊದಮೊದಲು ನಗು ಬರುತ್ತಿತ್ತು. ಮೂರು ವಾರ ನೀವು ಬೀಳುವುದನ್ನೇ ಕಲಿಸಿದಿರಿ! ಹಿಂದಕ್ಕೆ ಬೀಳು, ಪಕ್ಕಕ್ಕೆ ಬೀಳು, ಅಂಗೈಯನ್ನು ನೆಲಕ್ಕೆ ಬಡಿದು ಪೆಟ್ಟು ಹಂಚಿಕೋ. ನಮ್ಮ ಗರಡಿಯಲ್ಲಿ ಮೊದಲ ದಿನದಿಂದ ಕಲಿಸುವುದು ಒಂದೇ — ಪ್ರಾಣ ಹೋದರೂ ಬೆನ್ನು ನೆಲಕ್ಕೆ ಮುಟ್ಟಬಾರದು. ಅದಕ್ಕೇ ಕತ್ತನ್ನು ಕಂಬದ ಹಾಗೆ ಬೆಳೆಸುತ್ತೇವೆ. ನಮ್ಮದು ಬರಿಮೈಯ ಕುಸ್ತಿ. ಎಣ್ಣೆ, ಬೆವರು, ಮಣ್ಣು ಸೇರಿ ಮೈ ಜಾರುತ್ತದೆ, ಕತ್ತು ಕಾಲು ಸೊಂಟ ಬಿಟ್ಟರೆ ಹಿಡಿಯಲು ಬೇರೇನೂ ಸಿಗುವುದಿಲ್ಲ. ನಿಮ್ಮದರಲ್ಲಿ ಅಂಗಿಯೇ ಅರ್ಧ ಯುದ್ಧ. ತೋಳು ಎಳೆದರೆ ಮೈಯೇ ಹಿಂದೆ ಬರುತ್ತದೆ. ನಾವು ನೂಕಿದವನನ್ನು ಇನ್ನೂ ಜೋರಾಗಿ ನೂಕುತ್ತೇವೆ. ನೀವು ನೂಕಿದವನಿಗೆ ದಾರಿ ಬಿಟ್ಟು, ಅವನ ಜೋರಿನಲ್ಲೇ ಅವನನ್ನು ಬೀಳಿಸುತ್ತೀರಿ. ಗಾದಿಯ ಮೇಲಿನ ಫ್ರೀಸ್ಟೈಲ್ ಕುಸ್ತಿಯನ್ನೂ ನಾನು ತಿಪಟೂರಿನಲ್ಲಿ ಒಮ್ಮೆ ನೋಡಿದ್ದೆ. ಅದರಲ್ಲಿಯೂ, ನಮ್ಮದರಲ್ಲಿಯೂ ಭುಜ ನೆಲಕ್ಕೆ ಹತ್ತಿದರೆ ಆಟ ಮುಗಿಯಿತು. ನಿಮ್ಮದರಲ್ಲಿ ಬಿದ್ದ ಮೇಲೂ ಎಷ್ಟೋ ಸಲ ಆಟ ಉಳಿದಿರುತ್ತದೆ. ಕತ್ತು ಬಿಗಿಯಬಹುದು. ಕೈ ತಿರುಚಬಹುದು.

ಕೈ ತಿರುಚುವ ಆ ಪಟ್ಟನ್ನು ನೀವು ಕಲಿಸಿದ ಸಂಜೆ ನನ್ನ ನಗು ನಿಂತಿತು. ಬಿದ್ದವನ ಕೈಯನ್ನು ಎರಡು ತೊಡೆಗಳ ನಡುವೆ ಸಿಕ್ಕಿಸಿ, ಕಾಲುಗಳನ್ನು ಅವನ ಎದೆ ಮತ್ತು ಮುಖದ ಮೇಲೆ ಅಡ್ಡ ಹಾಕಿ, ಹಿಂದಕ್ಕೆ ವಾಲಿ ಸೊಂಟ ಎತ್ತಿದರೆ ಮೊಣಕೈ ಉಲ್ಟಾ ಬಾಗುತ್ತದೆ. ಕಲಿಸುವ ಮುಂಚೆ ನೀವು ಎಲ್ಲರನ್ನೂ ಕೂರಿಸಿ ಗಟ್ಟಿಯಾಗಿ ಹೇಳಿದ್ದನ್ನು ನಾನು ಕಾಯಿರಾಶಿಯ ಪಕ್ಕದಿಂದ ಕೇಳಿಸಿಕೊಂಡೆ: "ಹಿಡಿತಕ್ಕೆ ಸಿಕ್ಕೋನು ಎದುರಿನೋನ ಮೈ ಮೇಲೋ ನೆಲಕ್ಕೋ ತಟ್ಟಿದ್ರೆ, ಆ ಕ್ಷಣವೇ ಬಿಡ್ಬೇಕು. ಅದನ್ನ ಮೀರಿದೋನು ನನ್ನ ಶಿಷ್ಯ ಅಲ್ಲ."

ಗರಡಿಯಲ್ಲಿ ಸವಾಲಿಗೆ ತೊಡೆ ತಟ್ಟುತ್ತೇವೆ, ಗೆದ್ದವನ ಬೆನ್ನು ತಟ್ಟುತ್ತೇವೆ. ಸೋತೆ ಎಂದು ತಟ್ಟುವುದು ನಮ್ಮಲ್ಲಿಲ್ಲ. ನನಗೆ ಬೇಕಾದದ್ದು ಸಿಕ್ಕಿತು ಎನ್ನಿಸಿತು. ಇಡೀ ಊರಿಗೆ ತಿಳಿಯದ ಒಂದು ನಿಯಮ, ನಿಮ್ಮ ಕ್ಲಾಸಿನ ಹೊರಗೆ ನನಗೆ ಮಾತ್ರ ತಿಳಿದಿರುವುದು — ಮತ್ತು ನನಗೆ ತಿಳಿದಿದೆ ಎಂದು ಯಾರಿಗೂ ತಿಳಿಯದು.

ಎರಡು ತಿಂಗಳು ಅಭ್ಯಾಸ ಮಾಡಿದೆ. ಮಧ್ಯಾಹ್ನ ತೋಟದಲ್ಲಿ ಯಾರೂ ಇಲ್ಲದಾಗ, ನಾರು ತುಂಬಿದ ಗೋಣಿಚೀಲಕ್ಕೆ ಒನಕೆ ಕಟ್ಟಿ, ಅದೇ ನಿಮ್ಮ ಕೈ ಎಂದುಕೊಂಡು ಬಾಗಿಸುತ್ತಿದ್ದೆ. ಜೊತೆಜೊತೆಗೇ ಕಟಿಂಗ್ ಶಾಪಿನಲ್ಲಿ, ಹೋಟೆಲ್ಲಿನಲ್ಲಿ ಕಡ್ಡಿ ಗೀರಿದೆ: ಜೂಡೋ ದೊಡ್ಡದೋ ಕುಸ್ತಿ ದೊಡ್ಡದೋ? ಊರವರೇ ಪಂದ್ಯ ಕಟ್ಟಿದರು ಎಂದು ನೀವು ಇವತ್ತಿಗೂ ತಿಳಿದಿರಬಹುದು. ಕಟ್ಟಿಸಿದವನು ನಾನು. ನಿಮಗೋ ಮಕ್ಕಳಂಥ ಸಂಭ್ರಮ. ಎರಡು ವಿದ್ಯೆ ಒಂದೇ ಕಡೆ ನೋಡಿದ ಹಾಗಾಗುತ್ತದೆ ಎಂದು ಒಪ್ಪಿಕೊಂಡುಬಿಟ್ಟಿರಿ. ಆ ವಾರವಷ್ಟೇ ನಿಮಗೆ ಉತ್ತರದ ಕಡೆಯ ಊರೊಂದರಲ್ಲಿ ಕೋಚ್ ತರಬೇತಿಗೆ ಕರೆ ಬಂದಿತ್ತು. ಮುಂದಿನ ತಿಂಗಳು ಹೊರಡುವವರಿದ್ದಿರಿ. ಅದೂ ನನಗೆ ಗೊತ್ತಿತ್ತು.

ನಿಮ್ಮ ನಾರಿನ ಹಾಸನ್ನೇ ಮೈದಾನಕ್ಕೆ ತಂದು ಹಾಸಿದರು. ಇಬ್ಬರಿಗೂ ಅಂಗಿ. ಭುಜಗಳನ್ನು ಹತ್ತು ಎಣಿಸುವವರೆಗೆ ನೆಲಕ್ಕೊತ್ತಿದರೆ ಗೆಲುವು, ಸೋಲೊಪ್ಪಿದರೂ ಮುಗಿಯಿತು. ತೀರ್ಪಿಗೆ ನಿಂತದ್ದು ದೊಡ್ಡಪ್ಪನ ಕಾಲದ ಪೈಲ್ವಾನರೊಬ್ಬರು. ಅವರಿಗೆ ಜೂಡೋದ ಗಂಧವೂ ಇಲ್ಲ. ಶುರುವಾಗುವ ಮುಂಚೆ ನೀವು ನನ್ನ ಹತ್ತಿರ ಬಂದು, "ಗಂಗಾಧರಪ್ಪೋರೇ, ಸೋಲೊಪ್ಪೋಕೆ ನಮ್ಮಲ್ಲಿ ಒಂದು ಪದ್ಧತಿ ಐತೆ, ಹಿಂಗೆ..." ಎಂದು ಅಂಗೈ ಎತ್ತಿದಿರಿ.

ನಾನು ಮುಖ ತಿರುಗಿಸಿದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಸೋಲೊಪ್ಪೋ ಇದ್ಯೆ ನಮ್ಗೆ ಹೇಳ್ಬೇಡಿ ಮೇಷ್ಟ್ರೇ. ಅದನ್ನ ನಿಮ್ಮ ಐಕ್ಳಿಗೆ ಹೇಳ್ಕೊಡಿ."

ಜನ ಸಿಳ್ಳೆ ಹೊಡೆದರು. ನೀವು ನಕ್ಕು ಅಂಗೈ ಇಳಿಸಿದಿರಿ. ಆವೇಶದಲ್ಲಿ ಬಾಯಿಗೆ ಬಂದ ಮಾತಲ್ಲ ಅದು. ಎರಡು ತಿಂಗಳಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು. ನೀವು ಹೇಳದೇ ಉಳಿದರೆ ತಾನೇ ನಾನು ಕೇಳದೇ ಉಳಿಯುವುದು!

ಎರಡು ಸಲ ನೀವು ನನ್ನನ್ನು ಎತ್ತಿ ಹಾಕಿದಿರಿ. ಎರಡು ಸಲವೂ ಬೋರಲಾಗಿ ಹೊರಳಿ ಭುಜ ಉಳಿಸಿಕೊಂಡೆ. ಮೂರನೆಯ ಸಲ ನಿಮ್ಮ ಕೈ ಕತ್ತುಪಟ್ಟಿಗೆ ಬರುವಾಗ ಬಗ್ಗಿ, ಅಪ್ಪಟ ಗರಡಿಯ ವರಸೆಯಲ್ಲಿ ಎರಡೂ ಕಾಲು ಸೆಳೆದೆ. ನೀವು ಅಂಗಾತ ಬಿದ್ದಿರಿ. ನಾನು ಮೇಲೆ ಬಿದ್ದು ಭುಜ ಒತ್ತುತ್ತೇನೆ ಎಂದು ನೀವೂ ಅಂದುಕೊಂಡಿರಿ, ಜನವೂ ಅಂದುಕೊಂಡರು. ಒತ್ತಿದ್ದರೆ ಗೆದ್ದೇ ಬಿಡುತ್ತಿದ್ದೆ. ನ್ಯಾಯವಾಗಿ, ಎಲ್ಲರೆದುರು, ನಮ್ಮ ವಿದ್ಯೆಯಲ್ಲೇ ಗೆಲ್ಲಬಹುದಾಗಿತ್ತು. ನನಗೆ ಗೆಲುವು ಬೇಕಿರಲಿಲ್ಲ.

ಪಕ್ಕಕ್ಕೆ ಕೂತು ನಿಮ್ಮ ಬಲಗೈಯನ್ನು ತೊಡೆಗಳ ನಡುವೆ ಸಿಕ್ಕಿಸಿದೆ. ನಿಮ್ಮ ಕಣ್ಣಲ್ಲಿ ಹೆದರಿಕೆಗಿಂತ ಮೊದಲು ಆಶ್ಚರ್ಯ ಕಂಡಿತು. ನನ್ನ ಮೀನಖಂಡ ನಿಮ್ಮ ಬಾಯಿಯ ಮೇಲಿತ್ತು, ಕೂಗಲು ಆಗುತ್ತಿರಲಿಲ್ಲ. ಎಡಗೈಯಿಂದ ನನ್ನ ಕಾಲು ತಟ್ಟಿದಿರಿ, ಮೂರು ಸಲ. ಮಲಗಿರುವವರನ್ನು ಎಬ್ಬಿಸುವ ಹಾಗೆ ಮೆಲ್ಲಗೆ ತಟ್ಟಿದಿರಿ. ನಾನು ಸೊಂಟ ಎತ್ತಿದೆ. ಮತ್ತೆ ತಟ್ಟಿದಿರಿ, ಈ ಸಲ ಜೋರಾಗಿ. ನಿಮ್ಮ ಹುಡುಗರು "ಬಿಡ್ರೀ, ಬಿಡ್ರೀ!" ಎಂದು ಕಿರುಚುತ್ತಿದ್ದರು. ನನ್ನ ಮನಸ್ಸಿನಲ್ಲಿ ಆಗ ಏನಿತ್ತು ಎಂದು ಕೇಳಿದರೆ — ದೊಡ್ಡಪ್ಪ ಇರಲಿಲ್ಲ, ಗರಡಿ ಇರಲಿಲ್ಲ. ತಟ್ಟುತ್ತಿರು, ತಟ್ಟುತ್ತಲೇ ಇರು, ಎಂಬುದೊಂದೇ ಇತ್ತು. ಆಮೇಲೆ ಮೊಣಕೈ ಹೋಯಿತು. ಸುಳ್ಳು ಹೇಳಲಾರೆ, ಆ ಕ್ಷಣ ನನಗೆ ಬಹಳ ಹಿತವಾಗಿತ್ತು.

ನಿಮ್ಮ ಹುಡುಗರು ನನ್ನ ಮೇಲೆ ಬಿದ್ದರು. ನಾನು ಕೈ ಮೇಲೆತ್ತಿ, "ನಂಗೊತ್ತಿರ್ಲಿಲ್ಲ ಕಣ್ರಪ್ಪೋ, ನಂಗೇನ್ ಗೊತ್ತು!" ಎಂದೆ. ನೀವು ಬೂದಿ ಬಣ್ಣಕ್ಕೆ ತಿರುಗಿದ ಮುಖದಲ್ಲಿ, ಕೈಯನ್ನು ಎದೆಗೆ ಒತ್ತಿಕೊಂಡು ಎದ್ದು ಕೂತು ಅವರನ್ನು ತಡೆದಿರಿ. "ಅವ್ರನ್ನ ಬಿಡ್ರೋ. ಅವ್ರಿಗೆ ಗೊತ್ತಿಲ್ಲ. ತಪ್ಪು ನಂದು, ಹೇಳ್ಬೇಕಾಗಿತ್ತು ನಾನು."

ಬೈಯಬಾರದಾಗಿತ್ತೇ ಮೇಷ್ಟ್ರೇ? ಆ ಪಟ್ಟು ನನಗೆಲ್ಲಿಂದ ಬಂತು ಎಂದು ಅನುಮಾನವಾದರೂ ಪಡಬಾರದಾಗಿತ್ತೇ? ನನ್ನ ಸೇಡಿನ ರುಚಿಯನ್ನು ಆ ಒಂದು ಮಾತಿನಿಂದ ಕೆಡಿಸಿಬಿಟ್ಟಿರಿ. ಅದಕ್ಕೂ ನಿಮ್ಮನ್ನು ದ್ವೇಷಿಸಿದೆ, ವರ್ಷಗಟ್ಟಲೆ ದ್ವೇಷಿಸಿದೆ. ತುಮಕೂರಿನ ಆಸ್ಪತ್ರೆಯಿಂದ ನೀವು ನೆಟ್ಟಗಾಗದ ಕೈಯೊಂದಿಗೆ ವಾಪಸು ಬಂದಿರಿ. ತರಬೇತಿ ತಪ್ಪಿತು, ಜೂಡೋ ಕ್ಲಾಸು ನಿಂತಿತು, ಹಾಸಿನ ನಾರು ಸಾಹುಕಾರರ ಬಚ್ಚಲ ಒಲೆಗೆ ಹೋಯಿತು. ಬಸ್‌ಸ್ಟಾಂಡಿನಲ್ಲಿ ನೀವು ಎಡಗೈಯಲ್ಲಿ ಚೀಲ ಹಿಡಿದು ನಿಂತದ್ದು ಕಂಡಾಗ, ಅಯ್ಯೋ ಎನ್ನಿಸಲಿಲ್ಲ. ತಕ್ಕ ಶಾಸ್ತಿ ಆಯಿತು ಎಂದುಕೊಂಡೇ ಪಕ್ಕದಲ್ಲಿ ಹಾದುಹೋದೆ. ನೀವು ನಮಸ್ಕಾರ ಹೇಳಿದಿರಿ.

ದೊಡ್ಡಪ್ಪ ಒಂದೇ ಸಲ ಕೇಳಿದ: "ನಿಜ್ವಾಗ್ಲೂ ಗೊತ್ತಿರ್ಲಿಲ್ವೇನ್ಲಾ?" "ನಿನ್ನಾಣೆ ದೊಡ್ಡಪ್ಪ," ಎಂದೆ. ಅವನು ನಂಬಿಕೊಂಡೇ ಸತ್ತ. ಕೊನೆಯ ವರ್ಷ ಅವನನ್ನು ನೋಡಿದ ಡಾಕ್ಟರು, ಮಂಡಿ ಚಿಪ್ಪುಗಳು ಬಹಳ ಹಿಂದೆಯೇ ಸವೆದುಹೋಗಿವೆ ಎಂದರು. ಅವನಿಗೆ ನಿಜಕ್ಕೂ ಮಂಡಿ ನೋವೇ ಇತ್ತು, ಮೇಷ್ಟ್ರೇ. ಅವನಿಗೆ ಯಾವ ಅವಮಾನವೂ ಆಗಿರಲಿಲ್ಲ.

ಅದು ತಿಳಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಹಾಗೇ ಸಾಯುತ್ತಿದ್ದೆನೋ ಏನೋ. ಆದರೆ ನನ್ನ ಮಗಳು ಗೌರಿ — ಪಂದ್ಯದ ದಿನ ತೊಟ್ಟಿಲಲ್ಲಿದ್ದವಳು — ಈಗ ನಿಮ್ಮ ಎಂಟನೇ ಕ್ಲಾಸಿನಲ್ಲಿದ್ದಾಳೆ. ಮೊನ್ನೆ ಶನಿವಾರ ಓಡಿಬಂದು ಚೀಲ ಎಸೆದವಳೇ ಶುರುಮಾಡಿದಳು: "ಅಪ್ಪಾ, ಇವತ್ತು ಕಬಡ್ಡಿಗೆ ಮುಂಚೆ ಮೇಷ್ಟ್ರು ನಿನ್ ವಿಷ್ಯ ಹೇಳಿದ್ರು. ಯಾರಾದ್ರೂ ಸಾಕು ಅಂದ್ರೆ ತಕ್ಷಣ ಬಿಡ್ಬೇಕಂತೆ. ಅದನ್ನ ಹೇಳ್ಕೊಡ್ದೆ ಅವ್ರು ತಪ್ಪು ಮಾಡಿದ್ರಂತೆ, ನಿಂದೇನೂ ತಪ್ಪಿಲ್ವಂತೆ. ಎಲ್ಲಾರೂ ನನ್ನೇ ನೋಡಿದ್ರು. ನಂಗೇನೂ ನಾಚ್ಕೆ ಆಗ್ಲಿಲ್ಲ. ನಿಂಗೆ ಗೊತ್ತೇ ಇರ್ಲಿಲ್ವಲ್ಲ!"

ಮುರಿದ ಕೈ ಹೊತ್ತುಕೊಂಡು, ಪ್ರತಿ ವರ್ಷ ಹೊಸ ಮಕ್ಕಳ ಮುಂದೆ ನನ್ನನ್ನು ಕಾಪಾಡುತ್ತಿದ್ದೀರಿ. ಅವಳ ಮುಖದಲ್ಲಿದ್ದ ಆ ಧೈರ್ಯ ನೀವು ಕೊಟ್ಟದ್ದು. ನನ್ನ ಸುಳ್ಳಿನ ಮೇಲೆ ನಿಂತದ್ದು. ಎದ್ದು ಹೊರಗೆ ಹೋದೆ.

ನಾನು ಕ್ಷಮೆ ಕೇಳುತ್ತಿಲ್ಲ. ನೀವು ಕೊಟ್ಟುಬಿಡುತ್ತೀರಿ ಎಂದು ಗೊತ್ತು, ಅದಕ್ಕೇ ಕೇಳುತ್ತಿಲ್ಲ. ಸೋಮವಾರ ನಿಮ್ಮ ಡ್ರಿಲ್ ಪೀರಿಯಡ್ಡಿಗೆ ಬರುತ್ತೇನೆ. ಮಕ್ಕಳ ಮುಂದೆ ನಿಂತು, ಇಲ್ಲಿ ಬರೆದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ನಿಮ್ಮ ಸ್ವಭಾವ ನನಗೆ ಗೊತ್ತು, ಏನೋ ನೆಪ ಹೇಳಿ ನನ್ನ ಮಗಳನ್ನು ಆ ಹೊತ್ತಿಗೆ ಬೇರೆ ಕಡೆ ಕಳಿಸಲು ನೋಡುತ್ತೀರಿ.

ಗೌರಿಯನ್ನು ಹೊರಗೆ ಕಳಿಸಬೇಡಿ.