ಹಾವಸಿ ಮಾಸ್ತರರ ಕೆಂಪು ಪಾಚಿ

ನಮ್ಮ ಬೆಟಗೇರಿಯಲ್ಲಿ ಸಮುದ್ರದ ವಾಸನೆ ಹೊಡೆಯುತ್ತಿದ್ದ ಕೋಟು ಒಂದೇ ಒಂದಿತ್ತು. ಅದು ಭೀಮರಾಯ ಮಾಸ್ತರರದು. ಶಾಲೆಗೆ ರಜೆ ಬಂದರೆ ಸಾಕು, ಕಾರವಾರಕ್ಕೆ ಹೋಗಿ, ಮೊಣಕಾಲುದ್ದ ನೀರಿಗಿಳಿದು ಕಡಲಪಾಚಿ ಕಿತ್ತು ತರುವರು. ಅದನ್ನು ಹಳೆಯ ಪತ್ರಿಕೆಗಳ ನಡುವೆ ಹರಡಿ, ಮೇಲೆ ಬೀಸುವ ಕಲ್ಲು ಹೇರಿ ಒಣಗಿಸುವರು. ಅಷ್ಟು ದಿನ ಅವರ ಮನೆಯವರು ಜೋಳ ಬೀಸಲು ನಮ್ಮ ಮನೆಗೆ ಬರಬೇಕು. ಪಾಚಿಗೆ ನಮ್ಮ ಕಡೆ ಹಾವಸಿ ಎನ್ನುವರು, ಊರು ಅವರನ್ನು ಹಾವಸಿ ಮಾಸ್ತರ ಎಂದೇ ಕರೆಯುತ್ತಿತ್ತು. ಅದೇ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಬಿಡುವಿನಲ್ಲಿ ಅವರ ಪರವಾಗಿ ಚಿಂತೆ ಮಾಡುತ್ತಿದ್ದೆ. ಅವರು ಅಲ್ಲಿ ನೀರಿಗಿಳಿದರೆ ನನಗೆ ಇಲ್ಲಿ ನೆಗಡಿ.

ಏಕೀಕರಣದ ವರ್ಷ ಅವರಿಗೊಂದು ಕೆಂಪು ಪಾಚಿ ಸಿಕ್ಕಿತು. ಅದರ ತುದಿ ಕವಲೊಡೆದ ರೀತಿ ಯಾವ ಪುಸ್ತಕದಲ್ಲೂ ಇರಲಿಲ್ಲ. "ಹೊಸಾ ಜಾತಿ ಐತ್ರಿ ಇದು, ಖರೇನ ಹೊಸಾದು," ಎಂದರು. ಮುಂಬಯಿಯ ಪಂಡಿತರೊಬ್ಬರು ಆ ಮಾದರಿಯನ್ನೇ ಕಣ್ಣಾರೆ ನೋಡಿ ಒಪ್ಪಿದರೆ, ಹೆಸರಿಡುವ ಹಕ್ಕು ಇವರದು. ಸಿಕ್ಕಿದ್ದು ಮಾತ್ರ ಅದೊಂದೇ.

ಸುದ್ದಿ ಹಬ್ಬಿದ್ದೇ ತಡ, ಸತ್ಕಾರ ಸಮಿತಿ ಹುಟ್ಟಿತು. ಪಾಚಿಯನ್ನು ಯಾರೂ ನೋಡಿರಲಿಲ್ಲ, ಜಗಳವೆಲ್ಲ ಹೆಸರಿಗೆ. ಕರ್ನಾಟಕದ ಹೆಸರಿಡಿ ಎಂದರು ಕೆಲವರು. ಪಕ್ಕದ ಗದಗಿನದು ಇಡಿ ಎಂದು ಯಾರೋ ಅಂದ ಕೂಡಲೇ ಬೆಟಗೇರಿಯವರು ಎದ್ದು ಹೊರನಡೆದರು. ಹತ್ತಿ ಅಡತಿ ಅಂಗಡಿಯ ಶಿವಪ್ಪ ಸಾವಕಾರರು ಸಮಿತಿಯ ಅಧ್ಯಕ್ಷರು.

"ಮಾಸ್ತರ, ನಿಮ್ಮ ಹೆಸರ ಇಡ್ರಲಾ?"

"ತನ್ನ ಹೆಸರು ತಾನ ಇಟ್ಕೊಳ್ಳೋ ರೂಢಿ ಇಲ್ರಿ ಸಾವಕಾರ್ರ."

"ಹಂಗಾರ ನಮ್ಮಪ್ಪಂದು ಇಡ್ರಿ. ಅಂವಾ ಏನೂ ಅನ್ನಾಂಗಿಲ್ಲ."

ನಾಲ್ಕು ಮಂದಿ ನೋಡಲಿ ಎಂದು ಸಾವಕಾರರು ಪಾಚಿಯನ್ನು ತಮ್ಮ ಅಂಗಡಿಗೆ ಒಯ್ದರು. ಬೇಡವೆನ್ನಲು ಮಾಸ್ತರರಿಗೆ ಯಾವತ್ತೂ ಬಾಯಿ ಬಂದದ್ದಿಲ್ಲ. ಅಷ್ಟರಲ್ಲಿ ದೀಪಾವಳಿ ಬಂತು. ಹುಟ್ಟಿದ್ದು ಸಮುದ್ರದಲ್ಲಿ, ಮೈಬಣ್ಣ ಕೆಂಪು. ಲಕ್ಷ್ಮಿಯ ತಂಗಿಯೇ ಸರಿ ಎಂದು ಅಂಗಡಿಯ ಪೂಜೆಯಲ್ಲಿ ಅದನ್ನೂ ಕೂರಿಸಿದರು. ಅರಿಷಿಣ, ಕುಂಕುಮ, ಒಡೆದ ಕಾಯಿಯ ನೀರು, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ನಾವು ಹೋಗಿ ನೋಡಿದಾಗ ಹಾಳೆಯ ಮೇಲೆ ಒಂದು ಮುದ್ದೆ ಇತ್ತು. ಮಾಸ್ತರರು ಅದನ್ನು ಬೆರಳ ತುದಿಯಿಂದ ಮುಟ್ಟಿ, ಕೈಯನ್ನು ಹಾಗೆಯೇ ಹಿಂದೆಳೆದುಕೊಂಡರು.

"ಮೊದಲಿಗಿಂತಾ ಕೆಂಪಗ ಆಗೇತಿ ನೋಡ್ರಿ," ಎಂದರು ಸಾವಕಾರರು, ಹೆಮ್ಮೆಯಿಂದ.

ಆಮೇಲೆ ಎಷ್ಟೋ ರಜೆಗಳು ಬರಿಗೈಯಲ್ಲಿ ಕಳೆದವು. ಕೊನೆಗೊಂದು ದಿನ ಶಾಲೆಯ ಮೂಲೆಯಲ್ಲಿ ನನ್ನನ್ನು ನಿಲ್ಲಿಸಿ ಪಿಸುಗುಟ್ಟಿದರು: "ಸಿಕ್ಕೈತ್ರಿ. ಮನ್ಯಾಗೂ ಹೇಳಬ್ಯಾಡ್ರಿ. ಈ ಸಲ ನಾನ ಮುಂಬೈಕ್ಕ ಒಯ್ತೀನಿ."

ಬೀಳ್ಕೊಡಲು ನಾನೊಬ್ಬನೇ ಗದಗ ಸ್ಟೇಷನ್ನಿಗೆ ಹೋದೆ. ನೋಡಿದರೆ ಅಲ್ಲಿ ಇಡೀ ಸಮಿತಿ! ಮಂತ್ರಿಗಳನ್ನು ಎದುರುಗೊಳ್ಳಲು ಬಂದಿತ್ತಂತೆ. ಮಂತ್ರಿಗಳು ಬಂದಿರಲಿಲ್ಲ, ಹಾರ ಉಳಿದಿತ್ತು. ಮುಂಬಯಿಗೆ ಹೊರಟ ಪೆಟ್ಟಿಗೆ ಕಂಡೊಡನೆ ಸಾವಕಾರರಿಗೆ ಸಂಗತಿ ಹೊಳೆಯಿತು, ಸೀದಾ ಮಾಸ್ತರರ ರೈಲು ಡಬ್ಬಿ ಹತ್ತಿದರು.

"ಪೆಟಗಿ ತಗೀರಿ ಮಾಸ್ತರ, ಒಂದು ಕಾಯಿ ಒಡದು ಕಳಸ್ತೀವಿ!"

ಮಾಸ್ತರರು ಗಪ್ಪನೆ ಪೆಟ್ಟಿಗೆಯ ಮೇಲೆ ಕುಳಿತರು. ಸಮಿತಿಯವರು ಹಾರ ಹಾಕಿದರು, ಇವರು ಕುಳಿತೇ ಇದ್ದರು. ಸಿಳ್ಳೆ ಕೇಳಿ ಸಾವಕಾರರು ಕೆಳಗಿಳಿದರು, ಗಾಡಿ ಹೊರಟಿತು. ಪಾಚಿಗೆ ಒಪ್ಪಿಗೆ ಸಿಕ್ಕಿತೆಂದು ಆಮೇಲೆ ತಿಳಿಯಿತು. ಅವರು ಕಾರವಾರಕ್ಕೇ ವರ್ಗ ಮಾಡಿಸಿಕೊಂಡರು, ಮತ್ತೆ ಬೆಟಗೇರಿಗೆ ಬರಲಿಲ್ಲ. ನಾನು ಕಡೆಯದಾಗಿ ಕಂಡದ್ದು ಮಂತ್ರಿಯ ಹಾರ ಹಾಕಿಕೊಂಡು, ಎರಡೂ ಕೈಯಿಂದ ಪೆಟ್ಟಿಗೆಯ ಅಂಚು ಹಿಡಿದು, ಏಳದೆ ಕುಳಿತಿದ್ದ ಮಾಸ್ತರರನ್ನು.

"ನೋಡಿದ್ರಿಲ್ಲೋ," ಎಂದರು ಪಕ್ಕದಲ್ಲಿದ್ದ ಸಾವಕಾರರು. "ಎದ್ದು ನಿಂತು ನಮಸ್ಕಾರ ಸೈತ ಮಾಡ್ಲಿಲ್ಲ. ಮನಷ್ಯಾಗ ಸೊಕ್ಕು ಬಂತು."